ಎರಡು ಗಟ್ಟಿ ಗೆರೆ, ಎರಡು ತುಂಡು ಗೆರೆ

ಮಾರ್ಚ್ ೪, ಮಂಗಳವಾರ

ಆದ್ದರಿಂದ ಸ್ಕೂಟರಿನ ತಪ್ಪೇನೂ ಇಲ್ಲ, ತಪ್ಪು ಕೈಯದು. ನಿನ್ನೆ ಇದನ್ನೇ ಬರೆಯುತ್ತ ಕೂತಿದ್ದೆ, ಸಾಲು ಅರ್ಧಕ್ಕೇ ನಿಂತಿದೆ, ನಿದ್ದೆ ಬಂದಿರಬೇಕು. ಮನೆಯಿಂದ ಹೊರಟರೆ ಪೆಟ್ರೋಲ್ ಬಂಕ್. ಬಂಕ್ ದಾಟಿ ನೇರ ಹೋದರೆ ಮಾರುಕಟ್ಟೆ, ಬಲಕ್ಕೆ ತಿರುಗಿದರೆ ಆಸ್ಪತ್ರೆ. ನಾನು ಹೊರಡುವುದು ಮಾರುಕಟ್ಟೆಗೇ. ಕೈಚೀಲವೂ ಕೊಕ್ಕೆಗೆ ನೇತಾಡುತ್ತಿರುತ್ತದೆ. ಆದರೆ ಮಂಗಳವಾರ ಮತ್ತು ಶುಕ್ರವಾರ ಬಂಕಿನ ಹತ್ತಿರ ಬಂದ ಕೂಡಲೇ ಕೈ ತಾನಾಗಿ ಬಲಕ್ಕೆ ಹೊರಳುತ್ತದೆ. ನನ್ನ ಹೆಂಡತಿಯ ಡಯಾಲಿಸಿಸ್ ಇದ್ದದ್ದು ಮಂಗಳವಾರ, ಶುಕ್ರವಾರ. ನಾಲ್ಕು ವರ್ಷ ಹಿಂದಿನ ಸೀಟಿನಲ್ಲಿ ಕೂತು ನನ್ನ ಅಂಗಿಯ ಅಂಚು ಹಿಡಿದುಕೊಂಡು ಬಂದಳು. ಫೆಬ್ರವರಿಯ ಮೊದಲ ವಾರದಿಂದ ಹಿಂದಿನ ಸೀಟು ಖಾಲಿ. ಕೈಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇವತ್ತೂ ಹಾಗೇ ಆಯಿತು. ಗೇಟಿನ ಕಾವಲುಗಾರ ಸಲಾಂ ಹೊಡೆದು, "ಏನ್ ಸರ್, ಒಬ್ರೇ ಬಂದ್ರಿ? ಮೇಡಂ ಹೇಗಿದ್ದಾರೆ?" ಎಂದ.

"ಚೆನ್ನಾಗಿದ್ದಾರೆ" ಎಂದೆ.

ಅವನು ಪಾರ್ಕಿಂಗ್ ಚೀಟಿ ಹರಿದು ಕೊಟ್ಟ. ಚೀಟಿ ತಗೊಂಡ ಮೇಲೆ ಗಾಡಿ ನಿಲ್ಲಿಸಲೇಬೇಕು. ಗಾಡಿ ನಿಲ್ಲಿಸಿದ ಮೇಲೆ ಒಳಗೆ ಹೋಗದೆ ಅಲ್ಲೇ ನಿಂತರೆ ನೋಡುವವರು ಏನಂದುಕೊಳ್ಳುತ್ತಾರೆ. ಕಾಯುವ ಕೋಣೆಯಲ್ಲಿ ಫ್ಯಾನಿನ ಕೆಳಗಿನ ನನ್ನ ಕುರ್ಚಿ ಖಾಲಿ ಇತ್ತು. ಕೂತೆ. ಟಿವಿಯಲ್ಲಿ ಯಾರೋ ಹಾಸಿಗೆ ಮಾರುತ್ತಿದ್ದರು. ಡಯಾಲಿಸಿಸ್ ಮುಗಿಯುವಷ್ಟು ಹೊತ್ತು ಕೂತಿದ್ದು ಎದ್ದು ಬಂದೆ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇದಕ್ಕೊಂದು ಪದ ಹೇಳಿಕೊಟ್ಟಿದ್ದರು, ಆಬ್ಸೆಂಟ್ ಮೈಂಡೆಡ್. ಮನಸ್ಸು ಗೈರುಹಾಜರು, ಮೈ ಹಾಜರು. ಅದರ ಮೇಲೆ ಒಂದು ಪ್ರಬಂಧವನ್ನೂ ಬರೆಸಿದ್ದರು. ನಾನು ಏನು ಬರೆದೆನೋ ನೆನಪಿಲ್ಲ, ಪಾಸಂತೂ ಆದೆ.

ತರಕಾರಿ ಮರೆತೇ ಹೋಯಿತು. ಖಾಲಿ ಚೀಲ ಹಿಡಿದು ಬಂದರೆ ಬಾಗಿಲ ಮುಂದೆ ಮಗಳು ನಿಂತಿದ್ದಾಳೆ, ಪಕ್ಕದಲ್ಲಿ ಚಕ್ರದ ಸೂಟ್‌ಕೇಸು. ಯೂನಿಫಾರಂ ಪ್ಯಾಂಟು, ಮೇಲೆ ಯಾವುದೋ ಮಾಮೂಲಿ ಅಂಗಿ. ಭುಜದ ಪಟ್ಟಿಗಳಿಲ್ಲ. ಮೂವತ್ತಾರು ವರ್ಷ, ವಿಮಾನದ ಕ್ಯಾಪ್ಟನ್, ಆದರೆ ಈ ಮನೆಯಲ್ಲಿ ಇನ್ನೂ ಪಾಪು.

"ರಜೆಯಾ ಪಾಪು?"

"ಹಾಗೇ ಅಂದ್ಕೊಳ್ಳಿ."

"ಎಲ್ಲ ಸರಿ ಇದೆಯಾ?"

"ಎಲ್ಲ ಸರಿ ಇದೆ ಅಪ್ಪಾ. ನೀವು?"

"ನಾನೂ ಸರಿ ಇದೀನಿ."

ಬ್ರೆಡ್ಡು, ಮೊಟ್ಟೆ ಇತ್ತು. ತಿಂದೆವು.

ಮಾರ್ಚ್ ೬, ಗುರುವಾರ

ನಾದಿನಿ ಬಂದಳು. ಅವಳು ಬಂದಳೆಂದು ಬೀದಿಗೇ ಗೊತ್ತಾಗುತ್ತದೆ. ಚಪ್ಪಲಿ ಬಿಡುವ ಮೊದಲೇ ಮಾತು ಒಳಗೆ ಬಂದಿರುತ್ತದೆ. ಅಕ್ಕ ತಂಗಿ ಇಬ್ಬರದೂ ಒಂದೇ ಗಂಟಲು. ಅವಳು ಅಡುಗೆಮನೆಯಿಂದ ಕೂಗಿದಾಗ ಒಂದು ಕ್ಷಣ ನಾನು "ಬಂದೆ" ಎಂದು ಏಳುತ್ತೇನೆ, ಆಮೇಲೆ ಕೂರುತ್ತೇನೆ.

"ಭಾವ, ಪೇಪರ್ ನೋಡಿದ್ರಾ? ಎಲ್ಲಿ ನೋಡ್ತೀರಾ, ಮಡಿಸಿದ್ದು ಮಡಿಸಿದ ಹಾಗೇ ಬಿದ್ದಿದೆ ಅಲ್ಲಿ." ಕೈಯಲ್ಲಿದ್ದ ಪೇಪರನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಒಳಪುಟದ ಮೂಲೆಯಲ್ಲಿ ಬೆರಳಗಲದ ಸುದ್ದಿ. ಹೋದ ವಾರ ಎರಡು ವಿಮಾನಗಳಿಗೆ ಕೂದಲೆಳೆಯ ಅಂತರದಲ್ಲಿ ತಪ್ಪಿದ ಅಪಾಯ, ಇಬ್ಬರು ಪೈಲಟ್‌ಗಳನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆ. ಹೆಸರಿಲ್ಲ. "ಇದು ನಮ್ಮ ಪಾಪುನೇ ಅಲ್ವಾ?"

ಪಾಪು ಬಾಗಿಲಲ್ಲೇ ನಿಂತಿದ್ದಳು. "ಹೌದು ಚಿಕ್ಕಮ್ಮ" ಎಂದಳು, ನೀರಿನ ಬಿಲ್ಲು ಬಂದಿದೆ ಅನ್ನುವ ಹಾಗೆ.

ಆಮೇಲೆ ಹೇಳಿದಳು. ಹೇಳಿದ್ದು ನನಗೆ ಅರ್ಥವಾದಷ್ಟು ಹೀಗೆ: ವಿಮಾನ ಹಾರುವುದಕ್ಕೆ ಮೊದಲು ನೆಲದ ಮೇಲೆ ತನ್ನ ಚಕ್ರದಲ್ಲೇ ಉರುಳಿಕೊಂಡು ರನ್‌ವೇ ತನಕ ಹೋಗಬೇಕು. ಅದಕ್ಕೆ ಟ್ಯಾಕ್ಸಿ ಮಾಡುವುದು ಅನ್ನುತ್ತಾರೆ. ("ಮೀಟರ್ ಹಾಕ್ತಾರಾ?" ಎಂದಳು ನಾದಿನಿ. ಯಾರೂ ನಗಲಿಲ್ಲ.) ಇವರ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇ. ಆಚೆಯದಕ್ಕೆ ಹೋಗಬೇಕಾದರೆ ಈಚೆಯದನ್ನು ದಾಟಬೇಕು. ದಾಟುವ ಮೊದಲು ನೆಲದ ಮೇಲೆ ಹಳದಿ ಗೆರೆ ಇದೆ. ಕಂಟ್ರೋಲ್ ಟವರಿನಲ್ಲಿ ಕೂತು ದಾರಿ ಹೇಳುವವರು ದಾಟಿ ಅನ್ನುವ ತನಕ ಆ ಗೆರೆಯ ಈಚೆ ನಿಲ್ಲಬೇಕು. ದಿನಾ ಇವರು ಗೆರೆಯ ಹತ್ತಿರ ಬರುವಷ್ಟರಲ್ಲೇ ಅನುಮತಿ ಬಂದಿರುತ್ತಿತ್ತು, ನಿಲ್ಲುವ ಪ್ರಮೇಯವೇ ಇರುತ್ತಿರಲಿಲ್ಲ. ಅವತ್ತು ಟವರಿನವರು "ಗೆರೆಯ ಹತ್ತಿರ ನಿಲ್ಲಿ" ಎಂದರು. ಇವಳು "ಗೆರೆಯ ಹತ್ತಿರ ನಿಲ್ಲುತ್ತೇವೆ" ಎಂದು ಅದನ್ನೇ ತಿರುಗಿ ಒಪ್ಪಿಸಿದಳು, ನಿಯಮದ ಪ್ರಕಾರ. ಒಪ್ಪಿಸಿ, ನಿಲ್ಲದೆ ಹೋದಳು.

"ಬಾಯಿ ಸರಿಯಾಗೇ ಹೇಳ್ತು" ಎಂದಳು ಪಾಪು. "ರೆಕಾರ್ಡಿಂಗ್ ಇದೆ. ನನ್ನದೇ ದನಿ, ಸ್ಪಷ್ಟವಾಗಿದೆ. ಕೈಗೆ ಕೇಳಿಸಲಿಲ್ಲ ಅಷ್ಟೇ."

"ಅಯ್ಯೋ, ಒಂದು ಗೆರೆ ದಾಟಿದ್ದಕ್ಕೆ ಇಷ್ಟೊಂದಾ? ಹಾಗಾದ್ರೆ ನಮ್ಮ ಊರಲ್ಲಿ ಸಿಗ್ನಲ್ ಹತ್ರ ಇರೋ ಅಷ್ಟೂ ಜನರನ್ನ ಒಳಗೆ ಹಾಕ್ಬೇಕು!"

"ಆ ರನ್‌ವೇಲಿ ಇನ್ನೊಂದು ವಿಮಾನ ಇಳೀತಾ ಇತ್ತು ಚಿಕ್ಕಮ್ಮ. ಟವರಿನವರು ಕಿರುಚಿದ್ರು. ಅದು ಇಳಿಯೋದು ಬಿಟ್ಟು ಮತ್ತೆ ಮೇಲಕ್ಕೆ ಹೋಯ್ತು. ನಮ್ಮ ತಲೆ ಮೇಲೇ ಹೋಯ್ತು. ಅದರ ಚಕ್ರ ನೋಡಿದೆ."

"ಎಷ್ಟು ಜನ?"

"ಎರಡರಲ್ಲೂ ಸೇರಿ ಮುನ್ನೂರರ ಮೇಲೆ."

ನಾದಿನಿ ಲೋಟ ಕೆಳಗಿಟ್ಟಳು. ಹೋಗುವಾಗ ಚಪ್ಪಲಿ ಮೆಟ್ಟುತ್ತ ನನ್ನ ಕಿವಿಯಲ್ಲಿ, "ಇಷ್ಟು ವರ್ಷ ಆಕಾಶದಿಂದ ಬೀಳ್ತಾಳೇನೋ ಅಂತ ಹೆದರ್ಕೊಂಡಿದ್ದೆ ಭಾವ, ನೋಡಿದ್ರೆ ನೆಲದ ಮೇಲೆ ಎಡವಿದ್ಲು. ಅವಳ ಹತ್ರ ಮಾತಾಡಿ ಸ್ವಲ್ಪ" ಎಂದಳು.

ಏನು ಮಾತಾಡುವುದು. ಇಡೀ ಸರ್ವಿಸ್ ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದವನು. ನೀರು ಬರಲಿಲ್ಲ ಎಂದು ಬಂದು ಬೈಯುವವರ ಎದುರು ಕೂರುವ ಕೆಲಸ. ಎದುರು ಮಾತಾಡಿದರೆ ಬೈಗುಳ ಬೆಳೆಯುತ್ತದೆ, ಸುಮ್ಮನಿದ್ದರೆ ಸುಸ್ತಾಗಿ ಹೋಗುತ್ತಾರೆ. ಹೆನ್ಸ್ ಪ್ರೂವ್ಡ್. ಮನೆಯಲ್ಲಿ ಮಾತಿನ ಇಲಾಖೆ ಹೆಂಡತಿಯದಾಗಿತ್ತು.

ಮಾರ್ಚ್ ೭, ಶುಕ್ರವಾರ

ಆಸ್ಪತ್ರೆ. ಕೂತೆ. ಬಂದೆ. ಬದನೆಕಾಯಿ ತಂದೆ.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಪಾಪು ಸೀಮೆಸುಣ್ಣ ಇದೆಯಾ ಎಂದು ಕೇಳಿದಳು. ಇತ್ತು. ಪೈಪಿಗೆ ಗುರುತು ಹಾಕುವ ದಪ್ಪನೆಯ ಸೀಮೆಸುಣ್ಣ, ನಿವೃತ್ತಿಯ ದಿನ ಮೇಜಿನ ಖಾನೆ ಖಾಲಿ ಮಾಡುವಾಗ ಹಾರದ ಜೊತೆ ಚೀಲಕ್ಕೆ ಬಿದ್ದಿದ್ದು. ತಗೊಂಡು ತಾರಸಿಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಇಡೀ ತಾರಸಿಯ ಮೇಲೆ ವಿಮಾನ ನಿಲ್ದಾಣ. ನೀರಿನ ಟ್ಯಾಂಕು ಟರ್ಮಿನಲ್ಲು, ಬಟ್ಟೆ ಒಣಗಿಸುವ ತಂತಿಯ ಕಂಬ ಟವರು. ಬಿಳಿ ದಾರಿಗಳು ಕವಲೊಡೆದು, ಸುತ್ತಿ, ಪ್ಯಾರಪೆಟ್ ಗೋಡೆಯ ತನಕ. ಮಂಡಿ ಊರಿ ಬಗ್ಗಿ ಗೀಚುತ್ತಿದ್ದಳು, ಚಿಕ್ಕವಳಿದ್ದಾಗ ಕುಂಟೆಬಿಲ್ಲೆಗೆ ಗೀಚುತ್ತಿದ್ದ ಹಾಗೆ.

ರನ್‌ವೇಗೆ ಮೊದಲು ಅಡ್ಡಕ್ಕೆ ನಾಲ್ಕು ಗೆರೆ ಎಳೆದಳು. ಈಚೆ ಕಡೆ ಎರಡು ಗಟ್ಟಿ ಗೆರೆ, ಆಚೆ ಕಡೆ ಎರಡು ತುಂಡು ತುಂಡು ಗೆರೆ.

"ಯಾಕೆ ಎರಡು ಥರ?"

"ಗಟ್ಟಿ ಗೆರೆ ಕಡೆಯಿಂದ ಹೋಗೋರು ಅನುಮತಿ ಇಲ್ದೆ ದಾಟೋ ಹಾಗಿಲ್ಲ. ತುಂಡು ಗೆರೆ ಕಡೆಯಿಂದ ಬರೋರು ನಿಲ್ಲೋ ಹಾಗಿಲ್ಲ, ಬೇಗ ದಾಟಿ ಈಚೆ ಬರಬೇಕು."

ಬರುವವರಿಗೆ ತಡೆ ಇಲ್ಲ, ಹೋಗುವವರಿಗೆ ಮಾತ್ರ. ಒಳ್ಳೆಯ ಏರ್ಪಾಟು. ಎಲ್ಲ ಕಡೆಯೂ ಹಾಗಿರುವುದಿಲ್ಲ.

ನನ್ನನ್ನು ತನ್ನ ಬಲಕ್ಕೆ ನಿಲ್ಲಿಸಿಕೊಂಡಳು. ಕ್ಯಾಪ್ಟನ್ ಎಡಕ್ಕೆ, ಸಹಪೈಲಟ್ ಬಲಕ್ಕೆ. ಇಬ್ಬರೂ ನಡೆದು ಹೋಗುವುದು, ಅವಳು ದಾರಿಯನ್ನು ಬಾಯಿಬಿಟ್ಟು ಹೇಳುವುದು, ತಪ್ಪಿದರೆ ನಾನು "ನಿಲ್ಲಿಸು" ಅನ್ನುವುದು. ಕೈಗೊಂದು ಟಾರ್ಚು ಕೊಟ್ಟಳು: ವಿಮಾನ ಚಲಿಸುವಾಗ ಮುಂದಿನ ದೀಪ ಹತ್ತಿರಬೇಕು, ನಿಂತಾಗ ಆರಿಸಬೇಕು, ನೋಡಿದವರಿಗೆ ಇದು ಹೊರಟಿದೆಯೋ ನಿಂತಿದೆಯೋ ತಿಳಿಯಬೇಕು. ಹಾಡಹಗಲಲ್ಲಿ ಟಾರ್ಚು ಹಿಡಿದು ತಾರಸಿ ಸುತ್ತುವ ಅಪ್ಪ ಮಗಳನ್ನು ಪಕ್ಕದ ಮನೆಯಾಕೆ ಬಟ್ಟೆ ಹಿಂಡುತ್ತ ನೋಡಿದಳು. ನೋಡಲಿ.

ಮೊದಲ ಸುತ್ತು ಸರಿಯಾಯಿತು. ಎರಡನೇ ಸುತ್ತಿನಲ್ಲಿ ಪಾಪು ಗೆರೆಯ ಹತ್ತಿರ ಬಂದು ನಿಲ್ಲದೆ ದಾಟಿಬಿಟ್ಟಳು. ನಾನೂ ಜೊತೆಗೆ ದಾಟಿದೆ.

"ಅಪ್ಪಾ! ಬೇಕು ಅಂತಲೇ ದಾಟಿದೆ. ಯಾಕೆ ಹೇಳ್ಲಿಲ್ಲ?"

"ನಿನಗೆ ಗೊತ್ತಿರುತ್ತಲ್ಲ ಅಂದ್ಕೊಂಡೆ."

"ನೋಡಿದ್ರಾ ಇಲ್ವಾ?"

"ನೋಡಿದೆ."

"ಮತ್ತೆ ಬಾಯಿ ಬಿಡೋಕೇನು?"

ಬಾಯಿಯವರೆಗೆ ಬಂದಿತ್ತು. ಆದರೆ ಮೊದಲೇ ನೊಂದಿದ್ದಾಳೆ, ನಾನೂ ಯಾಕೆ ಎಂದು. ಅದನ್ನು ಹೇಳಲಿಲ್ಲ. ಅವಳು ಟ್ಯಾಂಕಿಗೆ ಒರಗಿ ಕೂತು, "ಅವತ್ತು ಬಲಗಡೆ ಕೂತಿದ್ದವರೂ ಇದನ್ನೇ ಹೇಳಿದ್ದು" ಎಂದಳು.

ಸಂಜೆ ನಾನು ಹಾಲಿನಲ್ಲಿ ಕೂತಿದ್ದಾಗ ಬಂದು ಸ್ವಿಚ್ಚು ಒತ್ತಿದಳು. "ಕತ್ತಲಲ್ಲಿ ಯಾಕೆ ಕೂತಿದ್ದೀರಾ?"

"ನಿಂತಿದೀನಲ್ಲ, ಅದಕ್ಕೆ ದೀಪ ಆರಿಸಿದೆ."

ಅವಳ ಮುಖದಲ್ಲಿ ಏನೋ ಬಂತು, ನಗುವಿನ ಪೂರ್ವಸಿದ್ಧತೆ. ಅಲ್ಲಿಗೇ ನಿಂತಿತು.

ಮಾರ್ಚ್ ೧೧, ಮಂಗಳವಾರ

ಆಸ್ಪತ್ರೆ. ಫ್ಯಾನು ರಿಪೇರಿಗೆ ಹೋಗಿದೆ. ಸೆಕೆ.

ಮಾರ್ಚ್ ೧೫, ಶನಿವಾರ

ಅವತ್ತು ಪಾಪುವಿನ ಬಲಗಡೆ ಕೂತಿದ್ದವರು ಬಂದಿದ್ದರು. ಸಹಪೈಲಟ್ ಎಂದರೆ ಹುಡುಗನಿರುತ್ತಾನೆ ಎಂದುಕೊಂಡಿದ್ದೆ. ನೋಡಿದರೆ ನಡುವಯಸ್ಸಿನವರು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಬ್ಯಾಂಕಿನಲ್ಲಿದ್ದವರಂತೆ, ಒಂದು ದಿನ ಸಾಕಾಗಿ ಬಿಟ್ಟು ವಿಮಾನ ಕಲಿಯಲು ಹೋದರಂತೆ. ಕಿತ್ತಳೆ ಹಣ್ಣು ತಂದಿದ್ದರು. ಕುರ್ಚಿಯ ತುದಿಯಲ್ಲಿ, ಸಾಲ ಕೇಳಲು ಬಂದವರ ಹಾಗೆ ಕೂತರು. ಬ್ಯಾಂಕಿನಲ್ಲಿ ಅವರೆದುರು ಜನ ಹಾಗೇ ಕೂರುತ್ತಿದ್ದರೇನೋ.

"ನನ್ನ ಹೆಂಡತಿ ದಿನಾ ಹೇಳ್ತಾಳೆ ಸರ್, ಬ್ಯಾಂಕಲ್ಲಿ ತಪ್ಪು ಮಾಡಿದ್ರೆ ಕೆಂಪು ಶಾಯೀಲಿ ಸರಿ ಮಾಡಬಹುದಿತ್ತು ಅಂತ."

ಚಹಾ ಮಾಡಿಕೊಟ್ಟೆ. ಅವರು ಪಾಪುವಿನ ಕಡೆ ತಿರುಗಿ, "ಕ್ಯಾಪ್ಟನ್, ಶುಕ್ರವಾರ ಸಮಿತಿ ಮುಂದೆ ನನ್ನನ್ನೂ ಕೇಳ್ತಾರೆ. ಗೆರೆ ಬಂದದ್ದು ನೋಡಿದಿರಾ ಅಂತ. ನೋಡಿದೆ ಅಂತಲೇ ಹೇಳ್ಬೇಕು. ಮತ್ತೆ ಯಾಕೆ ನಿಲ್ಲಿಸಿ ಅನ್ನಲಿಲ್ಲ ಅಂತಾರೆ. ಅದಕ್ಕೆ ನಾನೇನು ಹೇಳ್ಲಿ?" ಎಂದರು.

ಪಾಪು ಕಿತ್ತಳೆ ಸಿಪ್ಪೆ ಸುಲಿಯುತ್ತಿದ್ದಳು. ಒಂದೇ ಎಳೆಯಾಗಿ ಸುಲಿಯುವುದನ್ನು ಅವಳಮ್ಮನಿಂದ ಕಲಿತದ್ದು.

"ಬೇರೆ ದಿನ ಆಗಿದ್ರೆ ಬಾಯಿಗೆ ಬಂದ ಹಾಗೆ ಕೂಗ್ತಿದ್ದೆ" ಎಂದು ಅವರು ನನಗೆ ಹೇಳಿದರು. "ಇವರೂ ನನಗೆ ಕೂಗ್ತಾರೆ. ಅಲ್ಲಿ ಮರ್ಯಾದೆ ಗಿರ್ಯಾದೆ ಇಲ್ಲ ಸರ್, ಚಿಕ್ಕವರು ದೊಡ್ಡವರು ಇಲ್ಲ, ತಪ್ಪು ಕಂಡ್ರೆ ನಿಲ್ಲಿಸಿ ಅನ್ನಲೇಬೇಕು. ಆದ್ರೆ ಅವತ್ತು... ಮೇಡಂ ತಾಯಿ ಹೋಗಿ ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆಯಿಂದ ನಾನು ಮೆಲ್ಲಗೆ ಮಾತಾಡ್ತಾ ಇದ್ದೆ. ಜೋಕಿಲ್ಲ, ತಮಾಷೆ ಇಲ್ಲ. ಒಂದೆರಡು ಸಣ್ಣಪುಟ್ಟದ್ದು ತಪ್ಪಿದ್ರು, ನಾನೇ ಸದ್ದಿಲ್ಲದೆ ಸರಿ ಮಾಡಿದೆ. ಪಾಪ ಅಂತ. ಗೆರೆ ಹತ್ರ ಬಂದಾಗಲೂ, ಈಗ ನಿಲ್ಲಿಸ್ತಾರೆ, ಈಗ ನಿಲ್ಲಿಸ್ತಾರೆ ಅಂತ ನೋಡ್ತಾ ಇದ್ದೆ."

"ಅದನ್ನೆಲ್ಲ ಹೇಳೋದು ಬೇಡ" ಎಂದಳು ಪಾಪು. "ಮನೆ ವಿಷಯ ತೆಗೆದ್ರೆ ಡಾಕ್ಟರ ಹತ್ರ ಕಳಿಸ್ತಾರೆ. ಹಾರೋ ಸ್ಥಿತಿಯಲ್ಲಿ ಇರಲಿಲ್ಲ, ಮುಚ್ಚಿಟ್ಟು ಬಂದಳು ಅಂತ ಬರೀತಾರೆ. ಮತ್ತೆ ಯಾವತ್ತು ಹತ್ತಿಸ್ತಾರೋ, ಹತ್ತಿಸ್ತಾರೋ ಇಲ್ವೋ. ನಾನು ಚೆನ್ನಾಗಿದ್ದೆ. ಗೆರೆ ಗಮನಿಸಲಿಲ್ಲ. ಅಷ್ಟೇ."

"ನೀವು ಚೆನ್ನಾಗಿದ್ರೆ, ನಾನು ಸುಮ್ಮನಿದ್ದದ್ದು ಯಾಕೆ ಕ್ಯಾಪ್ಟನ್?"

ಪಾಪು ಹಣ್ಣಿನ ಒಂದು ತೊಳೆ ಬಿಡಿಸಿ ಅವರಿಗೆ ಕೊಟ್ಟಳು. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದು, ಹೋಗುವಾಗ ತಟ್ಟೆಯಲ್ಲಿಟ್ಟು ಹೋದರು. ಗೇಟಿನ ಹತ್ತಿರ, "ನನಗೆ ವಯಸ್ಸಾಯ್ತು ಸರ್, ನನ್ನನ್ನು ತೆಗೆದ್ರೆ ಇನ್ಯಾರೂ ತಗೊಳಲ್ಲ. ಬ್ಯಾಂಕಿನವರಂತೂ ಒಳಗೇ ಬಿಡಲ್ಲ, ಬಿಡುವಾಗ ಮ್ಯಾನೇಜರಿಗೆ ಅಷ್ಟು ಮಾತು ಅಂದು ಬಂದಿದ್ದೀನಿ" ಎಂದು ನಕ್ಕರು. ನಾನು "ನೋಡೋಣ" ಎಂದೆ. ಕಚೇರಿಯಲ್ಲಿ ದೂರು ಕೊಟ್ಟವರಿಗೆಲ್ಲ ಹೇಳುತ್ತಿದ್ದದ್ದೂ ಅದನ್ನೇ.

ಮಾರ್ಚ್ ೧೮, ಮಂಗಳವಾರ

ಕಾಯುವ ಕೋಣೆಯಲ್ಲಿ ಡಯಾಲಿಸಿಸ್ ನರ್ಸು ನನ್ನನ್ನು ನೋಡಿದಳು. ಅವಳಿಗೆ ಗೊತ್ತು, ಇನ್ನು ಬರುವುದಿಲ್ಲ ಎಂದು ನಾದಿನಿ ಫೋನು ಮಾಡಿ ಹೇಳಿದ್ದಳಲ್ಲ. ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು, ಒಂದು ಲೋಟ ನೀರು ತಂದು ಪಕ್ಕದ ಕುರ್ಚಿಯ ಮೇಲಿಟ್ಟಳು. ಏನೂ ಕೇಳಲಿಲ್ಲ. ಒಳ್ಳೆಯವಳು.

ಮನೆಗೆ ಬಂದಾಗ ಪಾಪು, "ಎಲ್ಲಿಗೆ ಹೋಗಿದ್ರಿ ಇಷ್ಟು ಹೊತ್ತು?" ಎಂದಳು.

"ತರಕಾರಿಗೆ."

ಚೀಲದಲ್ಲಿ ಎರಡು ಸೌತೆಕಾಯಿ. ಚೀಲ ನೋಡಿದಳು, ನನ್ನನ್ನು ನೋಡಿದಳು.

"ರಶ್ಶು" ಎಂದೆ.

ಚೀಲ ತಗೊಂಡು ಒಳಗೆ ಹೋದಳು.

ಮಾರ್ಚ್ ೨೦, ಗುರುವಾರ

ಇವತ್ತು ಅಕ್ಷರ ಸೊಟ್ಟ. ಸಿಟ್ಟಿನಿಂದಲ್ಲ. ಸಿಟ್ಟು ಬಂದಿತ್ತೇ? ಗೊತ್ತಿಲ್ಲ.

ನಾಳೆ ಸಮಿತಿ. ಮಧ್ಯಾಹ್ನ ಪಾಪು, "ಅಪ್ಪಾ, ನೀವು ಸಮಿತಿಯವರ ಹಾಗೆ ಪ್ರಶ್ನೆ ಕೇಳಿ, ನಾನು ಉತ್ತರ ಹೇಳಿ ನೋಡ್ತೀನಿ" ಎಂದಳು. ತಾರಸಿಗೆ ಹೋದೆವು. ಸೀಮೆಸುಣ್ಣದ ದಾರಿಗಳು ಓಡಾಡಿ ಓಡಾಡಿ ಮಾಸಿವೆ, ಆ ನಾಲ್ಕು ಗೆರೆ ಮಾತ್ರ ಅವಳು ಮೇಲಿಂದ ಮೇಲೆ ತಿದ್ದಿದ್ದರಿಂದ ದಪ್ಪಗಿವೆ. ನಾನು ಬಕೆಟ್ಟನ್ನು ಬೋರಲು ಹಾಕಿ ಕೂತೆ. ಅವಳು ಕೈಕಟ್ಟಿ ಎದುರು ನಿಂತಳು.

"ವಾಟ್ ಈಸ್ ಯುವರ್ ಗುಡ್ ನೇಮ್?" ಎಂದೆ.

"ಅದೆಲ್ಲ ಕೇಳಲ್ಲ ಅಪ್ಪಾ."

"ನಾನು ಚೇರ್ಮನ್ನು, ಏನು ಬೇಕಾದ್ರೂ ಕೇಳ್ತೀನಿ. ಫಾದರ್ಸ್ ಆಕ್ಯುಪೇಷನ್?"

"ಬೈಸಿಕೊಳ್ಳೋದು."

ನಕ್ಕಳು. ಬಂದ ದಿನದಿಂದ ಮೊದಲನೇ ಸಲ ಹಲ್ಲು ಕಂಡಿತು. ಆಮೇಲೆ ಗಂಭೀರವಾಗಿ ಶುರುವಾಯಿತು. ಅವಳು ಹೇಳಿಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಟವರಿನವರು ಏನು ಹೇಳಿದರು, ನೀವು ಏನು ಒಪ್ಪಿಸಿದಿರಿ, ವೇಗ ಎಷ್ಟಿತ್ತು. ಟಕ್ ಟಕ್ ಎಂದು ಉತ್ತರ ಬಂತು. ಪಾಠ ಒಪ್ಪಿಸುವುದರಲ್ಲಿ ಮೊದಲಿಂದಲೂ ಜಾಣೆ.

"ನಿಮ್ಮ ಸಹಪೈಲಟ್ ಎಚ್ಚರಿಸಲಿಲ್ಲವೇ?"

"ಇಲ್ಲ."

"ಯಾಕೆ?"

"ಅದನ್ನು ಅವರನ್ನೇ ಕೇಳಬೇಕು."

ಕಿತ್ತಳೆ ತೊಳೆ ಹಿಡಿದುಕೊಂಡು ಕೂತಿದ್ದ ಮನುಷ್ಯ ಕಣ್ಣ ಮುಂದೆ ಬಂದರು. ಮುಂದಿನ ಪ್ರಶ್ನೆ ಕೇಳಿದೆ.

"ಆ ದಿನ ನಿಮ್ಮ ಮನಸ್ಸು ಹೇಗಿತ್ತು?"

"ಚೆನ್ನಾಗಿತ್ತು."

"ಮನೆಯಲ್ಲಿ ಏನಾದರೂ ತೊಂದರೆ?"

"ಏನೂ ಇಲ್ಲ. ಮನೆಯಲ್ಲಿ ಎಲ್ಲರೂ ಚೆನ್ನಾಗಿ..."

"ನಿಲ್ಲಿಸು!"

ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಪಕ್ಕದ ತಾರಸಿಯಾಕೆ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನೋಡಿದಳು. ಯಾರು ಕೂಗಿದ್ದು ಎಂದು ನಾನೂ ಸುತ್ತ ನೋಡಬೇಕು, ಅಂಥ ದನಿ. ಎದ್ದು ನಿಂತಿದ್ದೆ, ಬಕೆಟ್ಟು ಉರುಳಿ ರನ್‌ವೇ ಮೇಲೆ ಹೋಗಿ ನಿಂತಿತು.

"ನಿಮ್ಮಮ್ಮ ಸತ್ತಿದ್ದಾಳೆ" ಎಂದೆ.

ಪಾಪು ಅಲುಗಾಡಲಿಲ್ಲ. ಒಂದು ಕಾಲು ಗಟ್ಟಿ ಗೆರೆಯ ಮೇಲಿತ್ತು. "ಹೌದು" ಎಂದಳು. ಟವರಿನವರಿಗೆ ತಿರುಗಿ ಒಪ್ಪಿಸುವ ಹಾಗೆ, "ಅಮ್ಮ ಸತ್ತಿದ್ದಾಳೆ" ಎಂದಳು.

ಆಮೇಲೆ ಕೂತಳು. ನಾನೂ ಅಲ್ಲೇ ನೆಲದ ಮೇಲೆ ಕೂತೆ.

"ಹೊರಡೋ ಮುಂಚೆ ದಿನಾ ಫೋನ್ ಮಾಡ್ತಿದ್ಲಲ್ಲಪ್ಪಾ, ತಿಂದ್ಯಾ ಅಂತ. ಅವತ್ತು ಬರ್ಲಿಲ್ಲ. ಬರಲ್ಲ ಅಂತ ಗೊತ್ತು. ಆದ್ರೂ ಗೆರೆ ಹತ್ರ ಬರೋವಾಗ ನಾನು ಮನಸ್ಸಲ್ಲೇ ಅವಳಿಗೆ ಉತ್ತರ ಹೇಳ್ತಾ ಇದ್ದೆ. ತಿಂದೆ, ಬ್ರೆಡ್ ತಿಂದೆ, ಹಾಲೂ ಕುಡಿದೆ ಅಂತ. ಸುಳ್ಳು ಅದು, ಏನೂ ತಿಂದಿರಲಿಲ್ಲ. ಸುಳ್ಳು ಹೇಳ್ತಾ ಇದ್ದೆನಲ್ಲ, ಅದಕ್ಕೆ ಗಮನ ಎಲ್ಲ ಅಲ್ಲೇ ಇತ್ತು."

ಅತ್ತಳು. ಅವಳ ಬೆನ್ನ ಮೇಲೆ ಕೈ ಇಟ್ಟೆ. ಸೀಮೆಸುಣ್ಣದ ಕೈ, ಅಂಗಿಯ ಮೇಲೆ ಐದೂ ಬೆರಳು ಮೂಡಿತು.

ಮೂಗು ಒರೆಸಿಕೊಂಡು, "ಈಗ ನಿಮ್ಮ ಸರದಿ" ಎಂದಳು. "ಎರಡು ಸೌತೆಕಾಯಿಗೆ ಅರ್ಧ ದಿನ ಹಿಡಿಯೋ ಮಾರುಕಟ್ಟೆ ಯಾವುದು?"

ಹೇಳಿದೆ. ಬಂಕು, ಕೈ, ಚೀಟಿ, ಕುರ್ಚಿ, ಎಲ್ಲ. ಕಾವಲುಗಾರನಿಗೆ ಚೆನ್ನಾಗಿದ್ದಾರೆ ಎಂದದ್ದನ್ನೂ.

ಬೈಯುತ್ತಾಳೆ ಎಂದುಕೊಂಡೆ. ಅವಳು ಚೂರು ಸೀಮೆಸುಣ್ಣ ತಗೊಂಡು ಸುಮ್ಮನೆ ನೆಲದ ಮೇಲೆ ಉಜ್ಜುತ್ತ, "ಅಲ್ಲಿ ಹಿಂದಿನ ಸೀಟಲ್ಲಿ ಯಾರೂ ಇಲ್ವಲ್ಲ ಹೇಳೋಕೆ" ಎಂದಳು.

ಮಾರ್ಚ್ ೨೧, ಶುಕ್ರವಾರ

ಪಾಪುವನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ, ಅದು ಮಾರುಕಟ್ಟೆಯ ಆಚೆ. ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಂಗಿ ಹಿಡಿದುಕೊಳ್ಳುವುದಿಲ್ಲ ಅವಳು, ಹೆಗಲ ಮೇಲೆ ಕೈ ಇಡುತ್ತಾಳೆ. ಬಂಕ್ ದಾಟುತ್ತಿದ್ದ ಹಾಗೇ ಹೆಗಲನ್ನು ಒತ್ತಿ, "ಅಪ್ಪಾ, ನೇರ" ಎಂದಳು.

"ನೇರ" ಎಂದೆ.

ಬಸ್ಸು ಹತ್ತುವ ಮೊದಲು, "ತಿಂದ್ಯಾ?" ಎಂದು ಕೇಳಿದೆ.

"ತಿಂದೆ. ನಿಜವಾಗ್ಲೂ."

ಮಧ್ಯಾಹ್ನ ಫೋನು. ಎಲ್ಲ ಹೇಳಿದಳಂತೆ. ಫೋನಿನ ವಿಷಯ, ಬ್ರೆಡ್ಡಿನ ವಿಷಯ, ಆ ಬ್ಯಾಂಕಿನ ಸಹಪೈಲಟ್ ಯಾಕೆ ಸುಮ್ಮನಿದ್ದರೆಂಬ ವಿಷಯ. ಸಮಿತಿಯಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರಂತೆ, ಇನ್ನೊಬ್ಬರು ಮುಚ್ಚಿಟ್ಟದ್ದು ದೊಡ್ಡ ತಪ್ಪು ಎಂದು ಗದರಿದರಂತೆ. ತೀರ್ಮಾನ ಆಮೇಲೆ.

ನಾದಿನಿ ಬಂದು ಅಲಮಾರಿನಲ್ಲಿದ್ದ ಅಕ್ಕನ ಬಟ್ಟೆಗಳನ್ನು ಏನು ಮಾಡುವುದು ಎಂದು ಕೇಳಿದಳು. ಇರಲಿ ಎಂದೆ. ಆಮೇಲೆ, ಹಸಿರು ಶಾಲು ನೀನು ತಗೋ, ನಿನಗೆ ಒಪ್ಪುತ್ತದೆ ಎಂದೆ. "ಭಾವ, ಮೂವತ್ತು ವರ್ಷಕ್ಕೆ ನೀವು ನನಗೆ ಏನು ಒಪ್ಪುತ್ತೆ ಅಂತ ಹೇಳಿದ್ದು ಇದೇ ಮೊದಲು" ಎಂದು ಕಣ್ಣು ಮೂಗು ಒಟ್ಟಿಗೆ ಒರೆಸಿಕೊಂಡಳು. ಬಹಳ ಮಾತಾಡುತ್ತಾಳೆ.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ಪಾಪುವಿನ ಫೋನು. ತೀರ್ಮಾನ ಬಂತಂತೆ. ಡಾಕ್ಟರರ ಹತ್ತಿರ ಕೆಲವು ವಾರ ಹೋಗಬೇಕು, ಮತ್ತೆ ತರಬೇತಿ, ಆಮೇಲೆ ಹಾರಬಹುದು. ಆದರೆ ಕ್ಯಾಪ್ಟನ್ ಅಲ್ಲ, ಸದ್ಯಕ್ಕೆ ಬಲಗಡೆಯ ಸೀಟು.

"ಬ್ಯಾಂಕಿನವರು?"

"ಅವರಿಗೆ ಒಂದು ಎಚ್ಚರಿಕೆ ಕೊಟ್ಟು, ತರಬೇತಿಗೆ ಹಾಕಿದ್ದಾರೆ. ಕೆಲಸ ಹೋಗಲ್ಲ. ನನಗೆ ಬೇಜಾರಾಗಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ ಅಪ್ಪಾ. ಆ ಎಡಗಡೆ ಸೀಟಿಗೆ ಹನ್ನೊಂದು ವರ್ಷ ಹಿಡೀತು."

"ಬಲಗಡೆ ಕೂತೋರ ಕೆಲಸ ಏನು ಅಂದಿದ್ದೆ?"

"ಬಾಯಿ ಬಿಡೋದು."

"ಹ್ಞೂಂ. ಕಷ್ಟ ಅದು. ನನ್ನನ್ನ ಕೇಳು."

ನಕ್ಕಳೋ ಮೂಗು ಎಳೆದುಕೊಂಡಳೋ, ಫೋನಿನಲ್ಲಿ ಎರಡೂ ಒಂದೇ ಥರ ಕೇಳುತ್ತದೆ.

ಆಮೇಲೆ ಚೀಲ ತಗಲಿಸಿ ಹೊರಟೆ. ಬಂಕಿನ ಹತ್ತಿರ ಕೈ ಹೊರಳಲು ಹೊರಟಿತು. "ನಿಲ್ಲಿಸು" ಎಂದೆ, ಜೋರಾಗಿಯೇ. ಪಕ್ಕದ ಬೈಕಿನವನು ನಿಜವಾಗಿಯೂ ಬ್ರೇಕು ಹಾಕಿ, ಏನು ಎಂಬಂತೆ ನೋಡಿದ. ನಿನಗಲ್ಲಪ್ಪ, ಹೋಗು ಎಂದು ಕೈ ಬೀಸಿದೆ. ನೇರ ಮಾರುಕಟ್ಟೆಗೆ ಹೋದೆ. ಟೊಮೆಟೊ, ಹುರುಳಿಕಾಯಿ, ಸೊಪ್ಪು ತಗೊಂಡೆ. ಚೀಲ ತುಂಬಿದ ಮೇಲೆ ಅದೇ ದಾರಿಯಲ್ಲಿ ವಾಪಸು ಬಂದು, ಬಂಕಿನ ಹತ್ತಿರ ಇಂಡಿಕೇಟರ್ ಹಾಕಿ, ಹಿಂದೆ ಮುಂದೆ ನೋಡಿ, ಆಸ್ಪತ್ರೆಯ ಕಡೆಗೆ ತಿರುಗಿಸಿದೆ. ಈ ಸಲ ಕೈ ತಾನಾಗಿ ತಿರುಗಲಿಲ್ಲ, ನಾನು ತಿರುಗಿಸಿದೆ.

ಕಾವಲುಗಾರ ಚೀಟಿ ಪುಸ್ತಕ ತೆಗೆದ. "ಬನ್ನಿ ಸರ್. ಮೇಡಂ ಹೇಗಿದ್ದಾರೆ?"

"ತೀರಿಕೊಂಡರು."

"ಅಯ್ಯೋ. ಯಾವಾಗ ಸರ್?"

"ಫೆಬ್ರವರಿಯಲ್ಲಿ."

ಅವನು ಟೋಪಿ ತೆಗೆದ. ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. "ಮತ್ತೆ ನೀವು ಅವತ್ತು..."

"ಅವತ್ತು ತಪ್ಪು ಹೇಳಿದೆ."

ಏನು ಹೇಳಬೇಕೋ ತಿಳಿಯದೆ ಚೀಟಿ ಹರಿಯಲು ಹೋಗಿ, ನಿಲ್ಲಿಸಿ, "ಒಳಗೆ ಹೋಗ್ತೀರಾ ಸರ್?" ಎಂದ.

"ಇಲ್ಲಪ್ಪ. ಇದನ್ನ ಹೇಳಿ ಹೋಗೋಣ ಅಂತ ಬಂದೆ."

ಗಾಡಿ ತಿರುಗಿಸಿಕೊಳ್ಳಲು ಅವನೇ ಹಿಂದೆ ನಿಂತು ಕೈ ತೋರಿಸಿದ, ಬನ್ನಿ ಬನ್ನಿ, ಸಾಕು, ಎಡಕ್ಕೆ. ಎರಡು ಟೊಮೆಟೊ ಉದುರಿದವು. ಎತ್ತಿ ಅಂಗಿಗೆ ಒರೆಸಿ ಚೀಲಕ್ಕೆ ಹಾಕಿದ.

ಇದನ್ನು ತಾರಸಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅದೇ ಬಕೆಟ್ಟಿನ ಮೇಲೆ. ಕೆಳಗೆ ಸೆಕೆ. ದಾರಿಗಳೆಲ್ಲ ಅಳಿಸಿಹೋಗಿವೆ, ಟರ್ಮಿನಲ್ಲು ಮತ್ತೆ ಟ್ಯಾಂಕು. ನಾಲ್ಕು ಗೆರೆಯಲ್ಲಿ ಗಟ್ಟಿ ಯಾವುದು ತುಂಡು ಯಾವುದು ಎಂದು ಈಗ ಹೇಳಲು ಬರುವುದಿಲ್ಲ. ಪಕ್ಕದ ಮನೆಯಾಕೆ ಬಟ್ಟೆ ತೆಗೆಯುತ್ತ, "ಮಗಳು ಮತ್ತೆ ಯಾವಾಗ ಬರ್ತಾಳೆ?" ಎಂದು ಕೇಳಿದಳು. ಈ ಆಕೆಯ ಜೊತೆ ಎಷ್ಟು ವರ್ಷದಿಂದ ಪಕ್ಕಪಕ್ಕ ಇದ್ದೇವೆ, ಮಾತಾಡಿದ್ದು ನೆನಪಿಲ್ಲ. ಬರುವ ಭಾನುವಾರ ಎಂದೆ. ಆಕೆಯ ಗಂಡನಿಗೆ ಮಂಡಿನೋವಂತೆ. ಸ್ವಲ್ಪ ಹೊತ್ತು ಮಂಡಿಯ ವಿಷಯ ಮಾತಾಡಿದೆವು.

ಈಗೊಂದು ವಿಮಾನ ಹೋಯಿತು. ಎತ್ತರದಲ್ಲಿ, ಸದ್ದು ಆಮೇಲೆ ಬಂತು. ಅದರೊಳಗೆ ಬಲಗಡೆ ಯಾರೋ ಕೂತಿರುತ್ತಾರೆ. ಇನ್ನೇನೋ ಬರೆಯಬೇಕೆಂದಿದ್ದೆ, ಹುರುಳಿಕಾಯಿಯ ವಿಷಯವೋ, ಅವಳ ವಿಷಯವೋ. ಸಾಲಿನ ಮೇಲೆ ಸಾಲು ಹತ್ತುತ್ತಿದೆ, ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಕೆಳಗೆ ಇಳಿಯಬೇಕು. ಟಾರ್ಚು ಇಲ್ಲೇ ಎಲ್ಲೋ ಇದೆ, ಹತ್ತಿಸಿಕೊಂಡೇ ಹೋಗುತ್ತೇನೆ.